ಬಂಡಿಯ ಜಾಡು ಮತ್ತು ಗಣಕದ ಗೆರೆ: ೧೮೪೬ರ ಡಾನರ್ ತಂಡದ ಪಯಣದ ಮರುಶೋಧನೆಯ ವಿಮರ್ಶೆ

ನಡೆದುಹೋದ ಪ್ರಯಾಣಗಳನ್ನು ಡಿಜಿಟಲ್ ನಕ್ಷೆಯ ಮೇಲೆ ಮತ್ತೆ ಗುರುತಿಸುವ ಕಾರ್ಯ ಈಚಿನ ಎರಡು ದಶಕಗಳಲ್ಲಿ ಬಹಳವಾಗಿ ಬೆಳೆದಿದೆ. ೨೦೦೫ರಲ್ಲಿ ಗೂಗಲ್ ಅರ್ಥ್ ಎಂಬ ಸಾಧನ ಸಾರ್ವಜನಿಕರಿಗೆ ದೊರೆತ ಮೇಲೆ, ಗ್ರಂಥಭಂಡಾರದ ಮೂಲೆಯಲ್ಲಿ ನಕ್ಷೆಯ ಸುರುಳಿಗಳನ್ನು ಬಿಡಿಸಿ ನೋಡುತ್ತಿದ್ದ ಕಾಲ ಹಿಂದಾಯಿತು. ದಿನಚರಿಯಲ್ಲಿ ಬಂದ ನದಿಯನ್ನೂ ಕಣಿವೆಯನ್ನೂ ವಿದ್ಯಾರ್ಥಿಯು ತನ್ನ ಮೇಜಿನ ಮುಂದೆಯೇ ಹುಡುಕಿ, ಬಿಂದುಗಳನ್ನಿಟ್ಟು, ಗೆರೆಯೆಳೆದು, ಆ ಗೆರೆಯ ಮೇಲೆ ಹಕ್ಕಿಯಂತೆ ಹಾರಿಹೋಗಬಲ್ಲನು. ಇದು ಚರಿತ್ರೆಯ ಅಧ್ಯಯನಕ್ಕೆ ಒದಗಿದ ದೊಡ್ಡ ಅನುಕೂಲವೆಂಬಲ್ಲಿ ಸಂಶಯವಿಲ್ಲ. ಆದರೆ ಹೀಗೆ ಎಳೆದ ಗೆರೆ ಯಾವ ಅರ್ಥದಲ್ಲಿ ಪ್ರಮಾಣ, ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬ ವಿಚಾರಕ್ಕೆ ಸಲ್ಲಬೇಕಾದಷ್ಟು ಗಮನ ಸಂದಂತೆ ತೋರುವುದಿಲ್ಲ. ಅಮೆರಿಕದ ಪಶ್ಚಿಮಕ್ಕೆ ಎತ್ತಿನ ಬಂಡಿಗಳಲ್ಲಿ ಹೊರಟ ವಲಸಿಗರ ಪಯಣಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದ, ೧೮೪೬ರ ಡಾನರ್ ತಂಡದ ಪಯಣವನ್ನು ನಿದರ್ಶನವಾಗಿಟ್ಟುಕೊಂಡು ಈ ವಿಚಾರವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಥೆಯ ಹಂದರವನ್ನು ಮೊದಲು ಸಂಗ್ರಹವಾಗಿ ಹೇಳಬಹುದು. ಜಾರ್ಜ್ ಡಾನರ್, ಅವನ ತಮ್ಮ ಜೇಕಬ್ ಡಾನರ್ ಮತ್ತು ಜೇಮ್ಸ್ ರೀಡ್ ಎಂಬವರ ಕುಟುಂಬಗಳು ೧೮೪೬ರ ಏಪ್ರಿಲ್ ತಿಂಗಳಲ್ಲಿ ಇಲಿನಾಯ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಿಂದ ಕ್ಯಾಲಿಫೋರ್ನಿಯಕ್ಕೆ ಹೊರಟುವು. ಜುಲೈ ತಿಂಗಳಲ್ಲಿ ಲಿಟಲ್ ಸ್ಯಾಂಡಿ ಎಂಬ ಹೊಳೆಯ ಬಳಿ ದೊಡ್ಡ ಗುಂಪಿನಿಂದ ಬೇರೆಯಾಗಿ, ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬವನು ಸಾರುತ್ತಿದ್ದ ಹೊಸ ಒಳದಾರಿಯನ್ನು ಹಿಡಿದುವು. ವಾಸಾಚ್ ಪರ್ವತಗಳಲ್ಲಿಯೂ ಮಹಾ ಉಪ್ಪುಸರೋವರದ ಪಶ್ಚಿಮಕ್ಕಿರುವ ಮರುಭೂಮಿಯಲ್ಲಿಯೂ ಕಾಲವನ್ನೂ ಎತ್ತುಗಳನ್ನೂ ಕಳೆದುಕೊಂಡು, ಅಕ್ಟೋಬರ್ ಕೊನೆಯಲ್ಲಿ ಸಿಯೆರಾ ನೆವಾಡ ಪರ್ವತದ ಬುಡಕ್ಕೆ ಬಂದಾಗ ಹಿಮ ದಾರಿಯನ್ನು ಮುಚ್ಚಿತ್ತು. ಚಳಿಗಾಲವೆಲ್ಲ ಅಲ್ಲಿಯೇ ಸಿಕ್ಕಿಬಿದ್ದ ಆ ಜನ ಹಸಿವಿನಿಂದ ಸತ್ತರು. ಉಳಿದವರಲ್ಲಿ ಕೆಲವರು ಸತ್ತವರ ದೇಹವನ್ನೇ ತಿನ್ನಬೇಕಾಯಿತು. ಸಾಮಾನ್ಯವಾಗಿ ಒಪ್ಪಿರುವ ಎಣಿಕೆಯಂತೆ ೮೭ ಮಂದಿಯಲ್ಲಿ ಬದುಕಿ ಉಳಿದವರು ೪೮ ಮಂದಿ.

ಈ ಪಯಣಕ್ಕೆ ಲಿಖಿತ ಆಕರಗಳು ಚೆನ್ನಾಗಿಯೇ ಇವೆ. ಹೈರಮ್ ಮಿಲ್ಲರ್ ಆರಂಭಿಸಿ ಜೇಮ್ಸ್ ರೀಡ್ ಮುಂದುವರಿಸಿದ ದಿನಚರಿ ೧೮೪೬ರ ಅಕ್ಟೋಬರ್ ಮೊದಲ ವಾರದವರೆಗೆ ಬರುತ್ತದೆ. ಹಿಮದ ನಡುವೆ ಪ್ಯಾಟ್ರಿಕ್ ಬ್ರೀನ್ ಬರೆದ ದಿನಚರಿ ನವೆಂಬರ್ ೨೦ರಿಂದ ೧೮೪೭ರ ಮಾರ್ಚ್ ೧ರವರೆಗಿನದು. ಅದು ಈಗ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಗ್ರಂಥಭಂಡಾರದಲ್ಲಿದೆ. ಅದೇ ವರ್ಷ ಅದೇ ಒಳದಾರಿಯಲ್ಲಿ ಮುಂದೆ ಹೋಗಿದ್ದ ಟಿ. ಎಚ್. ಜೆಫರ್ಸನ್ ೧೮೪೯ರಲ್ಲಿ ನಾಲ್ಕು ಹಾಳೆಗಳ ನಕ್ಷೆಯೊಂದನ್ನು ಪ್ರಕಟಿಸಿದನು. ಈ ಆಕರಗಳನ್ನು ನೆಲದೊಡನೆ ತಾಳೆನೋಡಿ ರಾಡರಿಕ್ ಕಾರ್ನ್ಸ್ ಮತ್ತು ಡೇಲ್ ಮಾರ್ಗನ್ ಸಿದ್ಧಪಡಿಸಿದ ‘ವೆಸ್ಟ್ ಫ್ರಂ ಫೋರ್ಟ್ ಬ್ರಿಜರ್’ ೧೯೫೧ರಲ್ಲಿ ಹೊರಬಂದಿತು. ಗಣಕಯಂತ್ರದ ನೆರವಿಲ್ಲದ ಕಾಲದಲ್ಲಿ ನಡೆದ ಆ ಕೆಲಸವೇ ಇಂದಿಗೂ ಈ ದಾರಿಯ ಅಧ್ಯಯನಕ್ಕೆ ತಳಹದಿ. ಅಂದಮೇಲೆ ಡಿಜಿಟಲ್ ನಕ್ಷೆ ಹೊಸದಾಗಿ ತಂದುದೇನು?

ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಅಂದಿನವರ ದೂರದ ಲೆಕ್ಕಗಳನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಉಪ್ಪುಮರುಭೂಮಿಯಲ್ಲಿ ನೀರಿಲ್ಲದ ಭಾಗ ಸುಮಾರು ೪೦ ಮೈಲಿಯೆಂದು ಹೇಸ್ಟಿಂಗ್ಸ್ ಹೇಳಿದ್ದನು. ಅಳೆದು ನೋಡಿದರೆ ಅದು ಸುಮಾರು ೮೦ ಮೈಲಿ. ಮುಂದೆ ರೂಬಿ ಪರ್ವತಗಳನ್ನು ದಕ್ಷಿಣದಿಂದ ಬಳಸಿ ಮತ್ತೆ ಉತ್ತರಕ್ಕೆ ತಿರುಗುವ ಸುತ್ತು ಎಷ್ಟು ದೊಡ್ಡದೆಂಬುದು ಓದಿದರೆ ಮನಸ್ಸಿಗೆ ನಾಟುವುದಿಲ್ಲ, ನಕ್ಷೆಯಲ್ಲಿ ಒಂದು ನೋಟಕ್ಕೆ ನಾಟುತ್ತದೆ. ಒಳದಾರಿಯೆನಿಸಿಕೊಂಡದ್ದು ಹಳೆಯ ದಾರಿಗಿಂತ ನೂರಕ್ಕೂ ಹೆಚ್ಚು ಮೈಲಿ ಉದ್ದವಾಗಿದ್ದಿತು. ಎರಡನೆಯದಾಗಿ, ಒಂದು ಎತ್ತರದ ಮೇಲೆ ನಿಂತವನಿಗೆ ಏನೇನು ಕಾಣುತ್ತದೆಂಬುದನ್ನು ಗಣಕವು ಲೆಕ್ಕಮಾಡಿ ತೋರಿಸಬಲ್ಲುದು. ಮರುಭೂಮಿಯ ಆಚೆಯ ದಡದಲ್ಲಿರುವ ಪೈಲಟ್ ಶಿಖರ ಬಹು ದೂರದಿಂದಲೇ ಕಾಣುತ್ತದೆ. ಅದರ ಬುಡದಲ್ಲಿ ನೀರಿದೆ. ಕಾಣುವುದು ಹತ್ತಿರವಿದೆಯೆಂದು ನಂಬುವುದು ಮನುಷ್ಯಸಹಜ. ದಣಿದ ಜನ ಏಕೆ ಮುಂದುವರಿದರೆಂಬ ಪ್ರಶ್ನೆಗೆ ಈ ದೃಷ್ಟಿಯ ಲೆಕ್ಕವು ಒಂದು ಉತ್ತರವನ್ನು ಸೂಚಿಸುತ್ತದೆ. ಮೂರನೆಯದಾಗಿ, ಹತ್ತೊಂಬತ್ತನೆಯ ಶತಮಾನದ ಭೂಮಾಪಕರು ತಮ್ಮ ಪಟಗಳಲ್ಲಿ ಗುರುತಿಸಿದ್ದ ಬಂಡಿದಾರಿಗಳನ್ನು ಇಂದಿನ ಪಟದ ಮೇಲೆ ಹೊದಿಸಿ ನೋಡುವುದು ಈಗ ಸುಲಭವಾಗಿದೆ.

ಇಷ್ಟನ್ನು ಒಪ್ಪಿಕೊಂಡ ಮೇಲೆ ದೋಷಗಳ ಕಡೆಗೆ ಬರಬಹುದು. ಮೊದಲನೆಯ ದೋಷ ‘ಕನಿಷ್ಠ ಶ್ರಮದ ದಾರಿ’ ಎಂಬ ಲೆಕ್ಕದಲ್ಲಿದೆ. ನೆಲವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಭಾಗಿಸಿ, ಒಂದು ಚೌಕದಿಂದ ಇನ್ನೊಂದಕ್ಕೆ ಹೋಗಲು ತಗಲುವ ಶ್ರಮಕ್ಕೆ ಒಂದು ಅಂಕಿಯನ್ನು ಕೊಟ್ಟು, ಒಟ್ಟು ಅತಿ ಕಡಮೆಯಾಗುವ ದಾರಿಯನ್ನು ಗಣಕದಿಂದ ಹುಡುಕಿಸುವುದು ಈ ಕ್ರಮ. ಇದರ ಹಿಂದಿರುವುದು ಡೈಕ್‌ಸ್ಟ್ರ ಎಂಬ ವಿದ್ವಾಂಸನು ೧೯೫೯ರಲ್ಲಿ ಪ್ರಕಟಿಸಿದ ಗಣಿತ. ಶ್ರಮದ ಅಂಕಿಯನ್ನು ಬಹುಮಟ್ಟಿಗೆ ನೆಲದ ಇಳಿಜಾರಿನಿಂದಲೇ ಪಡೆಯುವುದು ವಾಡಿಕೆ. ೨೦೦೦ದ ಫೆಬ್ರವರಿಯಲ್ಲಿ ಬಾಹ್ಯಾಕಾಶದಿಂದ ಮಾಡಿದ ಎತ್ತರದ ಅಳತೆಯಲ್ಲಿ ಸುಮಾರು ೩೦ ಮೀಟರು ಚೌಕಕ್ಕೆ ಒಂದೇ ಅಂಕಿ. ಬಂಡಿಯ ಎರಡು ಗಾಲಿಗಳ ನಡುವಣ ಅಂತರ ಎರಡು ಮೀಟರಿಗೂ ಕಡಮೆ. ಗಾಲಿಯನ್ನು ತಡೆಯುವ ಬಂಡೆ, ಎತ್ತಿನ ಕಾಲಿಗೆ ತೊಡರುವ ಪೊದೆ, ಅಚ್ಚು ಮುರಿಯುವ ಕೊರಕಲು, ಇವು ಯಾವುವೂ ಆ ಅಂಕಿಗೆ ತಿಳಿಯವು.

ಇದರ ಪರಿಣಾಮವನ್ನು ಮೂರು ಸ್ಥಳಗಳಲ್ಲಿ ನೋಡೋಣ. ವಾಸಾಚ್ ಪರ್ವತವನ್ನು ಸೀಳಿಕೊಂಡು ಹರಿಯುವ ವೀಬರ್ ನದಿಯ ಕಂದರ ಇಳಿಜಾರಿನ ಲೆಕ್ಕದಲ್ಲಿ ಅತ್ಯುತ್ತಮವಾದ ದಾರಿ. ಉಪಗ್ರಹದ ಚಿತ್ರವೂ ಅದನ್ನೇ ಸಮರ್ಥಿಸುವಂತೆ ಕಾಣುತ್ತದೆ. ಏಕೆಂದರೆ ರೈಲುದಾರಿಯೂ ಹೆದ್ದಾರಿಯೂ ಇಂದು ಅಲ್ಲಿಯೇ ಹಾದುಹೋಗುತ್ತವೆ. ಆದರೆ ಆ ರೈಲುದಾರಿ ಬಂದದ್ದು ೧೮೬೯ರ ಸುಮಾರಿಗೆ, ಬಂಡೆಗಳನ್ನು ಸಿಡಿಸಿ. ೧೮೪೬ರಲ್ಲಿ ಹಾರ್ಲನ್ ಮತ್ತು ಯಂಗ್ ಎಂಬವರ ಗುಂಪು ಆ ಕಂದರದಲ್ಲಿ ಇಳಿದಾಗ, ನದಿಯೂ ಬಂಡೆಯೂ ಸೇರಿ ಇಕ್ಕಟ್ಟಾದ ಎಡೆಗಳಲ್ಲಿ ಬಂಡಿಗಳನ್ನು ಹಗ್ಗಕಟ್ಟಿ ಎತ್ತಿ ಇಳಿಸಬೇಕಾಯಿತು. ಆ ದಾರಿಯನ್ನು ಬಿಟ್ಟು ಬೇರೆ ಕಡೆ ಹೋಗಿರೆಂದು ಡಾನರ್ ತಂಡಕ್ಕೆ ಹೇಸ್ಟಿಂಗ್ಸನೇ ಹೇಳಿ ಕಳುಹಿಸಿದನು. ಗಣಕವು ಮೆಚ್ಚುವ ದಾರಿಯನ್ನು ಅದನ್ನು ಕಂಡುಬಂದವನೇ ತಳ್ಳಿಹಾಕಿದನು.

ಎರಡನೆಯದು ಎಮಿಗ್ರೇಷನ್ ಕಣಿವೆಯ ಬಾಯಿ. ಪೊದೆಗಳನ್ನು ಕಡಿದು ಕಡಿದು ಸೋತುಹೋಗಿದ್ದ ತಂಡ ಕೊನೆಯ ಹಂತದಲ್ಲಿ ಕಣಿವೆಯ ತಳವನ್ನು ಬಿಟ್ಟು, ಪಕ್ಕದ ಕಡಿದಾದ ದಿಣ್ಣೆಯ ಮೇಲಕ್ಕೆ ಬಂಡಿಗಳನ್ನು ಎಳೆಸಿತು. ಒಂದೊಂದು ಬಂಡಿಗೆ ಹಲವು ಜೊತೆ ಎತ್ತುಗಳನ್ನು ಹೂಡಬೇಕಾಯಿತು. ಅಲ್ಲಿ ಎತ್ತುಗಳ ಬಲವೆಲ್ಲ ಹಿಂಗಿತು. ಮರುವರ್ಷ, ೧೮೪೭ರ ಜುಲೈಯಲ್ಲಿ, ಅದೇ ಜಾಡಿನಲ್ಲಿ ಬಂದ ಮಾರ್ಮನ್ ಪಂಥದವರು ಕಣಿವೆಯ ತಳದ ಪೊದೆಯನ್ನು ಕೆಲವೇ ಗಂಟೆಗಳಲ್ಲಿ ಕಡಿದು ಹೊರಗೆ ಬಂದರು. ನಕ್ಷೆಯನ್ನು ನೋಡುವವನಿಗೆ ಇಲ್ಲಿ ಕಾಣುವುದು ಒಂದು ಕಡಿದಾದ ದಿಣ್ಣೆ, ಅದರ ಪಕ್ಕದಲ್ಲೇ ಸಮತಟ್ಟಾದ ತಳ. ಇವರೆಂತಹ ಅವಿವೇಕಿಗಳೆಂದು ಅವನು ನಗುವುದು ಸಹಜ. ಆದರೆ ಮಾರ್ಮನ್ನರಿಗೆ ಅಷ್ಟು ದೂರದ ದಾರಿಯನ್ನು ಕಡಿದುಕೊಟ್ಟವರು ಈ ‘ಅವಿವೇಕಿ’ಗಳೇ. ಹತ್ತು ದಿನ ಕೊಡಲಿ ಹಿಡಿದ ಕೈಗೆ ಇನ್ನೊಂದು ದಿನದ ಕಡಿತ ಅಸಾಧ್ಯವೆನಿಸಿದ್ದರೆ ಅದು ನೆಲದ ಗುಣವಲ್ಲ, ದೇಹದ ಸ್ಥಿತಿ. ಅದಕ್ಕೆ ನಕ್ಷೆಯಲ್ಲಿ ಬಣ್ಣವಿಲ್ಲ.

ಮೂರನೆಯದು ಉಪ್ಪುಮರುಭೂಮಿ. ಇಳಿಜಾರೆಂಬುದೇ ಇಲ್ಲದ ಆ ಬಯಲು ಗಣಕದ ಲೆಕ್ಕದಲ್ಲಿ ಇಡೀ ಪಯಣದ ಅತಿ ಸುಲಭವಾದ ಭಾಗ. ನಡೆದವರ ಲೆಕ್ಕದಲ್ಲಿ ಅದೇ ಸರ್ವನಾಶದ ಭಾಗ. ಉಪ್ಪಿನ ತೆಳುವಾದ ಪದರದ ಕೆಳಗೆ ಹಸಿಯಾದ ಜೇಡಿ. ಭಾರದ ಬಂಡಿಯ ಗಾಲಿ ಅದರಲ್ಲಿ ಹೂತುಹೋಗುತ್ತಿತ್ತು. ಬಾಯಾರಿದ ಎತ್ತುಗಳು ನೊಗ ಕಳಚುತ್ತಲೇ ಎತ್ತೆತ್ತಲೋ ಓಡಿದುವು. ರೀಡ್ ಕುಟುಂಬದ ಬಹುಪಾಲು ಎತ್ತುಗಳು ಮತ್ತೆ ಸಿಗಲೇ ಇಲ್ಲ. ಇಳಿಜಾರಿನ ಜೊತೆಗೆ ನೀರಿನ ದೂರವನ್ನೂ ಮಣ್ಣಿನ ಗುಣವನ್ನೂ ಲೆಕ್ಕಕ್ಕೆ ಸೇರಿಸಬಹುದೆಂದು ವಾದಿಸಬಹುದು. ನಿಜ, ಸೇರಿಸಲೇಬೇಕು. ಆದರೆ ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಗಣಕವು ತಿಳಿಸಲಾರದು, ದಿನಚರಿಯಿಂದಲೇ ತಿಳಿಯಬೇಕು. ದಿನಚರಿಯಿಂದ ತೂಕವನ್ನು ಪಡೆದು, ಆ ತೂಕದಿಂದ ದಾರಿಯನ್ನು ಪಡೆದು, ಆ ದಾರಿ ದಿನಚರಿಯನ್ನು ಸಮರ್ಥಿಸುತ್ತದೆಂದು ಹೇಳಿದರೆ ಅದು ತರ್ಕದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷ.

ಎರಡನೆಯ ದೊಡ್ಡ ದೋಷ ಕಾಲಕ್ಕೆ ಸಂಬಂಧಿಸಿದ್ದು. ಗೆರೆಯು ಸ್ಥಳವನ್ನು ತೋರಿಸುತ್ತದೆ, ದಿನವನ್ನು ಮರೆಸುತ್ತದೆ. ಡಾನರ್ ತಂಡದ ದುರಂತವನ್ನು ಮೈಲಿಗಳಲ್ಲಿ ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲ. ಅದನ್ನು ದಿನಗಳಲ್ಲಿ ಎಣಿಸಬೇಕು. ಆಗಸ್ಟ್ ೬ರಂದು ವೀಬರ್ ನದಿಯ ಬಳಿ ಹೇಸ್ಟಿಂಗ್ಸನ ಚೀಟಿಯನ್ನು ಕಂಡು ತಂಡ ನಿಂತಿತು; ರೀಡ್ ಮುಂದೆ ಹೋಗಿ ಅವನನ್ನು ಕಂಡು ಮರಳುವ ತನಕ ನಾಲ್ಕೈದು ದಿನ ಕಳೆದುವು. ಆಮೇಲೆ ಉಪ್ಪುಸರೋವರದ ಬಯಲಿಗೆ ಇಳಿಯುವಾಗ ಆಗಸ್ಟ್ ೨೨. ನಡುವಣ ದೂರ ಸುಮಾರು ೩೬ ಮೈಲಿ. ಒಳ್ಳೆಯ ನೆಲದಲ್ಲಿ ದಿನಕ್ಕೆ ಹನ್ನೆರಡರಿಂದ ಹದಿನೈದು ಮೈಲಿ ನಡೆಯುವ ಬಂಡಿಸಾಲಿಗೆ ಇದು ಮೂರು ದಿನದ ದಾರಿ. ಹಿಡಿದದ್ದು ಹನ್ನೊಂದು ದಿನ. ಮರುಭೂಮಿಯ ಆಚೆ, ಓಡಿಹೋದ ಎತ್ತುಗಳನ್ನು ಹುಡುಕುತ್ತ ಬಿಡಲೇಬೇಕಾದ ಸಾಮಾನನ್ನು ಹೂಳುತ್ತ ಸುಮಾರು ಒಂದು ವಾರ. ಈ ಮೂರನ್ನು ಮಾತ್ರ ಕೂಡಿಸಿದರೂ ಎರಡೂವರೆ ವಾರ ಮೀರುತ್ತದೆ. ತಂಡದ ಮುಂಭಾಗದಲ್ಲಿದ್ದ ಬ್ರೀನ್ ಕುಟುಂಬ ಸರೋವರದ ಬಳಿಗೆ ಬಂದದ್ದು ಅಕ್ಟೋಬರ್ ೩೧ರಂದು. ಮರುದಿನ ಕಣಿವೆದಾರಿಯನ್ನು ಏರಲು ಹೊರಟಾಗ ಹಿಮ ಆಳವಾಗಿತ್ತು.

ಇದೇ ಒಳದಾರಿಯಲ್ಲಿ ಅದೇ ಬೇಸಗೆ ಸುಮಾರು ಅರವತ್ತು ಬಂಡಿಗಳು ಮುಂದೆ ಹೋಗಿದ್ದುವೆಂಬುದನ್ನೂ, ಆ ಜನ ಹಿಮ ಬೀಳುವ ಮೊದಲೇ ಸಿಯೆರಾ ದಾಟಿದರೆಂಬುದನ್ನೂ ಇಲ್ಲಿ ನೆನೆಯಬೇಕು. ಮರುಭೂಮಿಯ ಗೆರೆ ಅವರಿಗೂ ಇವರಿಗೂ ಒಂದೇ. ಫಲ ಬೇರೆಯಾಯಿತು. ಹಾಗಿರುವಲ್ಲಿ ದಿನಾಂಕಗಳಿಲ್ಲದ ಗೆರೆಯೊಂದನ್ನು ತೋರಿಸಿ ಇದೇ ದುರಂತದ ಕಾರಣವೆಂದು ಹೇಳುವುದು ಹೇಗೆ ಸಾಧ್ಯ?

ವೇಗದ ಅಂತರವೂ ಇಂತಹುದೇ. ೧೮೪೬ರ ಡಿಸೆಂಬರ್ ೧೬ರಂದು ಹಿಮದಲ್ಲಿ ಕಾಲ್ನಡಿಗೆಯಿಂದ ನೆರವು ತರಲು ಹದಿನೇಳು ಮಂದಿ ಹೊರಟರು. ಇಬ್ಬರು ಹಿಂದಿರುಗಿದರು. ಉಳಿದ ಹದಿನೈದು ಮಂದಿಯಲ್ಲಿ ೩೩ ದಿನಗಳ ಮೇಲೆ ಜನವಸತಿಯನ್ನು ಮುಟ್ಟಿದವರು ಏಳು ಮಂದಿ: ಇಬ್ಬರು ಗಂಡಸರು, ಐವರು ಹೆಂಗಸರು. ೨೦೨೦ರ ಡಿಸೆಂಬರಿನಲ್ಲಿ ನುರಿತ ನಾಲ್ವರು ಓಟಗಾರರು ಇದೇ ಹಾದಿಯನ್ನು ಅನುಸರಿಸಿ ಐದು ದಿನಗಳಲ್ಲಿ ಮುಗಿಸಿದರು. ಅವರ ಸಾಹಸ ಗೌರವಕ್ಕೆ ಅರ್ಹವಾದುದು. ಆದರೆ ಎರಡು ಸಂಖ್ಯೆಗಳ ನಡುವಣ ಇಪ್ಪತ್ತೆಂಟು ದಿನಗಳೇ ಇತಿಹಾಸ. ಅಲ್ಲಿ ಹಸಿವಿದೆ, ಬಿರುಗಾಳಿಯಿದೆ, ದಾರಿತಪ್ಪುವಿಕೆಯಿದೆ, ಸಾವಿದೆ. ಮೇಲಾಗಿ ಆ ಹದಿನೈದು ಮಂದಿಯ ದಾರಿಗೆ ಮುಖ್ಯವಾದ ಆಧಾರ ಬದುಕಿಬಂದವರ ನೆನಪು. ರೀಡನ ದಿನಚರಿಯಿಂದ ಪಡೆದ ಗೆರೆಯನ್ನೂ ನೆನಪಿನಿಂದ ಊಹಿಸಿದ ಗೆರೆಯನ್ನೂ ಒಂದೇ ದಪ್ಪದಲ್ಲಿ, ಒಂದೇ ಬಣ್ಣದಲ್ಲಿ ಎಳೆಯುವುದು ಪ್ರಮಾಣಗಳ ತಾರತಮ್ಯವನ್ನು ಅಳಿಸಿಹಾಕಿದಂತೆ.

ಮೂರನೆಯದಾಗಿ, ನಕ್ಷೆಯ ನೆಲ ೧೮೪೬ರ ನೆಲವಲ್ಲ. ಮಹಾ ಉಪ್ಪುಸರೋವರದ ದಡ ವರ್ಷವರ್ಷಕ್ಕೆ ಸರಿಯುತ್ತದೆ. ೧೯೮೬–೮೭ರಲ್ಲಿ ಅದು ದಾಖಲೆಯ ಎತ್ತರಕ್ಕೆ ಏರಿತು. ೨೦೨೨ರಲ್ಲಿ ದಾಖಲೆಯ ತಗ್ಗಿಗೆ ಇಳಿಯಿತು. ಯಾವ ವರ್ಷದ ಚಿತ್ರವನ್ನು ತಳಹದಿಯಾಗಿ ಇಟ್ಟುಕೊಳ್ಳುತ್ತೇವೆಯೋ ಅದಕ್ಕೆ ತಕ್ಕಂತೆ ಬಂಡಿದಾರಿಯು ದಡಕ್ಕೆ ಹತ್ತಿರವಾಗಿಯೋ ದೂರವಾಗಿಯೋ ಕಾಣುತ್ತದೆ. ಸರೋವರ ಉಕ್ಕಿದ ಆ ಕಾಲದಲ್ಲಿ ನೀರನ್ನು ಪಶ್ಚಿಮದ ಮರುಭೂಮಿಗೆ ಪಂಪುಮಾಡುವ ಯೋಜನೆ ಬಂದಿತು. ಮುಳುಗಡೆಯ ಭಯದಿಂದ ೧೯೮೬ರಲ್ಲಿ ಪುರಾತತ್ತ್ವಜ್ಞರು ಅಲ್ಲಿ ಉತ್ಖನನ ನಡೆಸಿ, ವಲಸಿಗರು ಬಿಟ್ಟುಹೋದ ಬಂಡಿಗಳ ನೆಲೆಗಳನ್ನು ಪರಿಶೀಲಿಸಿದರು. ಬಂಡಿಯ ಜಾಡುಗಳೂ ವಸ್ತುಗಳ ಶೇಷಗಳೂ ಅಲ್ಲಿ ದೊರೆತುವು. ದಾರಿ ಇಲ್ಲಿಯೇ ಹಾದುಹೋಗಿತ್ತೆಂದು ನಿಶ್ಚಯವಾಗಿ ಹೇಳುವ ಅಧಿಕಾರ ಇಂತಹ ನೆಲದ ಸಾಕ್ಷ್ಯಕ್ಕೆ ಉಂಟು. ಪರದೆಯ ಮೇಲಿನ ಗೆರೆ ಎಷ್ಟೇ ನಯವಾಗಿದ್ದರೂ ಆ ಅಧಿಕಾರವನ್ನು ಎರವಲು ಪಡೆಯಬೇಕೇ ಹೊರತು ತಾನೇ ಹೊಂದಿರಲಾರದು.

ಹೆಸರುಗಳ ವಿಷಯವೂ ಹೀಗೆಯೇ. ನಕ್ಷೆಯಲ್ಲಿ ‘ಡಾನರ್ ಸರೋವರ’, ‘ಡಾನರ್ ಕಣಿವೆದಾರಿ’ ಎಂದು ಅಚ್ಚಾಗಿವೆ. ತಂಡವು ಅಲ್ಲಿಗೆ ಬಂದಾಗ ಅದು ಟ್ರಕೀ ಸರೋವರ. ೧೮೪೪ರಲ್ಲಿ ಮೊದಲ ಬಾರಿಗೆ ಆ ಪರ್ವತವನ್ನು ಬಂಡಿಗಳೊಡನೆ ದಾಟಿದ ಸ್ಟೀವನ್ಸ್ ತಂಡಕ್ಕೆ ದಾರಿ ತಿಳಿಸಿದ ಪೈಯೂಟ್ ಜನಾಂಗದ ನಾಯಕನ ಹೆಸರು ಅದು. ದಾರಿ ತೋರಿದವನ ಹೆಸರು ಸರೋವರದಿಂದ ಅಳಿದು, ದಾರಿಯಲ್ಲಿ ಸಿಕ್ಕಿಬಿದ್ದವರ ಹೆಸರು ಉಳಿದುದು ಗಮನಿಸತಕ್ಕ ಸಂಗತಿ.

ಇದರಿಂದ ನಾಲ್ಕನೆಯ ಆಕ್ಷೇಪಣೆ ಹೊರಡುತ್ತದೆ. ಪಯಣದ ಗೆರೆ ಪಯಣಿಗರನ್ನು ಮಾತ್ರ ತೋರಿಸುತ್ತದೆ. ಸುತ್ತಲಿನ ನೆಲ ಬರಿದಾಗಿ ಕಾಣುತ್ತದೆ. ಆ ನೆಲ ಶೊಶೋನಿ, ಗೊಶೂಟ್, ಪೈಯೂಟ್, ವಾಶೋ ಜನರ ವಾಸದ ನೆಲ. ಸರೋವರದ ಬಳಿ ಸಿಕ್ಕಿಬಿದ್ದವರನ್ನು ತಮ್ಮ ಹಿರಿಯರು ದೂರದಿಂದ ನೋಡಿದರೆಂದೂ ಆಹಾರ ಕೊಡಲು ಯತ್ನಿಸಿದರೆಂದೂ ವಾಶೋ ಜನರ ಬಾಯ್ಮಾತಿನ ಪರಂಪರೆ ಹೇಳುತ್ತದೆ. ಲೂಯಿಸ್ ಮತ್ತು ಸಾಲ್ವಡೋರ್ ಎಂಬ ಇಬ್ಬರು ಮಿವೊಕ್ ಜನಾಂಗದವರ ಕಥೆಯಂತೂ ಇನ್ನೂ ಸ್ಪಷ್ಟ. ಇವರು ಇಲಿನಾಯಿನಿಂದ ಬಂದವರಲ್ಲ. ಕ್ಯಾಲಿಫೋರ್ನಿಯದ ಸಟರ್ ಕೋಟೆಯಿಂದ ಚಾರ್ಲ್ಸ್ ಸ್ಟ್ಯಾಂಟನ್ನನ ಜೊತೆಯಲ್ಲಿ, ಆಹಾರ ಹೊತ್ತ ಹೇಸರಗತ್ತೆಗಳೊಡನೆ, ಪಶ್ಚಿಮದಿಂದ ಪೂರ್ವಕ್ಕೆ ಸಿಯೆರಾವನ್ನು ದಾಟಿ ಈ ತಂಡವನ್ನು ಉಳಿಸಲು ಬಂದವರು. ಆಮೇಲೆ ಹಿಮದ ಕಾಲ್ನಡಿಗೆಯಲ್ಲಿ ಅವರನ್ನು ಕೊಂದು ತಿಂದದ್ದು ಆ ತಂಡದವರೇ. ಅವರು ಬಂದ ದಾರಿಗೆ ನಕ್ಷೆಯಲ್ಲಿ ಬೇರೆ ಗೆರೆಯನ್ನು ಕೊಡದಿದ್ದರೆ ಅವರು ‘ಡಾನರ್ ತಂಡ’ದ ಗೆರೆಯೊಳಗೆ ಕರಗಿಹೋಗುತ್ತಾರೆ. ಎರಡು ಗೆರೆಗಳು ಎದುರುಬದುರಾಗಿ ಬಂದು ಸೇರುವ ಚಿತ್ರವನ್ನು ಕಂಡಾಗ ಮಾತ್ರ ಈ ಕಥೆಯಲ್ಲಿ ಋಣ ಯಾರದೆಂಬುದು ತಿಳಿಯುತ್ತದೆ.

ಈ ಆಕ್ಷೇಪಣೆಗಳಿಂದ ಡಿಜಿಟಲ್ ನಕ್ಷೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದನ್ನು ಆಕರಗಳಂತೆಯೇ ವಿಮರ್ಶೆಗೆ ಒಳಪಡಿಸಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ನಾಲ್ಕು ನಿಯಮಗಳನ್ನು ಸೂಚಿಸಬಹುದು. ಒಂದು, ನೆಲದ ಸಾಕ್ಷ್ಯವಿರುವ ಭಾಗವನ್ನು ಅಖಂಡ ಗೆರೆಯಿಂದಲೂ, ದಿನಚರಿಯಿಂದ ಮಾತ್ರ ತಿಳಿಯುವುದನ್ನು ತುಂಡು ಗೆರೆಯಿಂದಲೂ, ಊಹೆಯನ್ನು ಚುಕ್ಕಿಗಳಿಂದಲೂ ಗುರುತಿಸತಕ್ಕದ್ದು. ಎರಡು, ಪ್ರತಿಯೊಂದು ಬಿಂದುವಿನ ಪಕ್ಕದಲ್ಲಿಯೂ ತಾರೀಖನ್ನೂ ಅಲ್ಲಿ ನಿಂತ ದಿನಗಳ ಸಂಖ್ಯೆಯನ್ನೂ ಬರೆಯತಕ್ಕದ್ದು. ಮೂರು, ಪಯಣದ ಆಮೇಲೆ ಬಂದ ರಸ್ತೆ, ಅಣೆಕಟ್ಟು, ಹೆಸರುಗಳನ್ನು ಬೇರೆ ಪದರದಲ್ಲಿಟ್ಟು, ಬೇಕಾದಾಗ ತೆಗೆಯುವಂತಿರತಕ್ಕದ್ದು. ನಾಲ್ಕು, ಆಯಾ ಬಿಂದುವಿನಲ್ಲಿ ನಿಂತವರಿಗೆ ಆ ದಿನ ಏನು ತಿಳಿದಿತ್ತು, ಯಾರಿಂದ ತಿಳಿದಿತ್ತು ಎಂಬುದನ್ನು ದಾಖಲಿಸತಕ್ಕದ್ದು.

ನಾಲ್ಕನೆಯ ನಿಯಮವೇ ನಮ್ಮ ದೃಷ್ಟಿಯಲ್ಲಿ ಮುಖ್ಯವಾದುದು; ಅದನ್ನು ಒಂದು ಪ್ರಸಂಗದಿಂದ ವಿವರಿಸಬಹುದು. ೧೮೪೬ರ ಜೂನ್ ೨೭ರಂದು ಲಾರಮಿ ಕೋಟೆಯ ಬಳಿ ಜೇಮ್ಸ್ ಕ್ಲೈಮನ್ ಎಂಬ ಹಳೆಯ ಬೇಟೆಗಾರನು ರೀಡನನ್ನು ಕಂಡನು. ಕ್ಲೈಮನ್ ಅದೇ ವಸಂತದಲ್ಲಿ ಹೇಸ್ಟಿಂಗ್ಸನ ಜೊತೆಯಲ್ಲಿಯೇ, ಕುದುರೆಯ ಮೇಲೆ, ಆ ಉಪ್ಪುಮರುಭೂಮಿಯನ್ನು ಪಶ್ಚಿಮದಿಂದ ದಾಟಿಬಂದಿದ್ದನು. ಬಂಡಿಗಳಿಗೆ ಅದು ತಕ್ಕ ದಾರಿಯಲ್ಲ, ಹಳೆಯ ದಾರಿಯಲ್ಲಿಯೇ ಹೋಗಿ ಎಂದು ಅವನು ಬುದ್ಧಿ ಹೇಳಿದನು. ರೀಡನು ಕೇಳಲಿಲ್ಲ. ಹತ್ತಿರದ ದಾರಿಯಿರುವಾಗ ಸುತ್ತುದಾರಿಯೇಕೆಂಬುದು ಅವನ ವಾದ. ಆ ಹತ್ತಿರದ ದಾರಿಯ ಮಾತು ೧೮೪೫ರಲ್ಲಿ ಅಚ್ಚಾದ ಹೇಸ್ಟಿಂಗ್ಸನ ಕೈಪಿಡಿಯಲ್ಲಿದ್ದಿತು; ಅದನ್ನು ಬರೆಯುವಾಗ ಗ್ರಂಥಕರ್ತನು ಆ ದಾರಿಯನ್ನು ತುಳಿದೇ ಇರಲಿಲ್ಲ. ನೆಲವನ್ನು ಮೆಟ್ಟಿಬಂದವನ ಬಾಯಿಮಾತನ್ನು, ನೆಲವನ್ನು ಕಾಣದವನ ಅಚ್ಚಿನ ಮಾತು ಗೆದ್ದಿತು.

ಇಂದು ನಾವು ನಕ್ಷೆಯಲ್ಲಿ ಎಲ್ಲವನ್ನೂ ಮೇಲಿನಿಂದ ನೋಡುತ್ತ, ರೀಡನ ಮಂಕುತನವನ್ನೂ ಹೇಸ್ಟಿಂಗ್ಸನ ಮೋಸವನ್ನೂ ಸುಲಭವಾಗಿ ತೀರ್ಪುಮಾಡುತ್ತೇವೆ. ಹೇಸ್ಟಿಂಗ್ಸನ ಹೊಣೆ ದೊಡ್ಡದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತೀರ್ಪಿಗೆ ಮೊದಲು, ನಮ್ಮ ಕಣ್ಣಿಗೆ ಕಾಣುವುದರಲ್ಲಿ ಎಷ್ಟು ಅವರ ಕಣ್ಣಿಗೆ ಕಂಡಿತ್ತೆಂದು ಕೇಳುವುದು ಸತ್ತವರಿಗೆ ಸಲ್ಲಬೇಕಾದ ನ್ಯಾಯ. ಅಚ್ಚಾದುದನ್ನು ಪರೀಕ್ಷಿಸದೆ ನಂಬಿದ್ದು ಅವರ ತಪ್ಪಾಗಿದ್ದರೆ, ಪರದೆಯಲ್ಲಿ ಹೊಳೆಯುವ ಗೆರೆಯನ್ನು ಪರೀಕ್ಷಿಸದೆ ನಂಬುವ ವಿದ್ಯಾರ್ಥಿಯ ತಪ್ಪು ಅದಕ್ಕಿಂತ ಬೇರೆಯಲ್ಲ. ಆದುದರಿಂದ ಇಂತಹ ನಕ್ಷೆಯೊಂದನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕರು ಗೆರೆಯನ್ನು ತೋರಿಸುವುದಕ್ಕೆ ಮುಂಚೆ ದಿನಚರಿಯನ್ನು ಓದಿಸುವುದು ಒಳ್ಳೆಯದು. ಗೆರೆಯನ್ನು ತೋರಿಸಿದ ಮೇಲೆ, ಇದರ ಯಾವ ಭಾಗಕ್ಕೆ ಯಾವ ಆಧಾರವೆಂದು ವಿದ್ಯಾರ್ಥಿಗಳನ್ನೇ ಕೇಳುವುದು ಅಗತ್ಯ. ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ನಕ್ಷೆ ಚರಿತ್ರೆಯ ಆಕರವಾಗುತ್ತದೆ. ಕೊಡಲಾರದ ನಕ್ಷೆ, ಎಷ್ಟೇ ಸುಂದರವಾಗಿದ್ದರೂ, ಮತ್ತೊಂದು ಹೇಸ್ಟಿಂಗ್ಸ್ ಕೈಪಿಡಿ.